ಮಗ್ಗಿಯಲ್ಲಿ ಅಡಗಿರುವ ಅಪವರ್ತನಗಳು

ಬಳ್ಳಾರಿ ಸಮೀಪದ ಸಂಗನಕಲ್ಲಿನಲ್ಲಿ ನೀವು ಗಣಿತ ಕಲಿಸುವವರಾದರೆ, ಎಣಿಸಲು ಕಲ್ಲುಗಳಿಗೆ ಬರವಿಲ್ಲ. ಆದರೆ ಅಲ್ಲಿನ ಗುಡ್ಡಗಳಿಂದ ಕಲ್ಲು ಆರಿಸಿ ತರಬೇಡಿ. 3000 ವರ್ಷಗಳಿಗೂ ಹಿಂದೆ ನವಶಿಲಾಯುಗದ ಜನ ಡಾಲರೈಟ್ ಶಿಲೆಯಿಂದ ಕೊಡಲಿಗಳನ್ನು ತಯಾರಿಸಿದ ತಾಣವದು. ನಮಗೆ ಬರಿಯ ಚೂರಾಗಿ ಕಾಣುವುದು ಪುರಾತತ್ತ್ವಜ್ಞರಿಗೆ ಸಾಕ್ಷ್ಯ. ಹುಣಸೆ ಬೀಜಗಳಿದ್ದರೆ ಸಾಕು.

24ರ ಅಪವರ್ತನಗಳನ್ನು ಹೇಳಿ ಎಂದು ಐದನೆಯ ತರಗತಿಯ ಮಕ್ಕಳನ್ನು ಕೇಳಿ ನೋಡಿ. ಮಗ್ಗಿ ಬಲ್ಲವರು 3, 4, 6, 8 ಎಂದು ಹೇಳಿ ನಿಲ್ಲಿಸುವುದುಂಟು. ಕಾರಣ ಸರಳ. ಎರಡರ ಮಗ್ಗಿಯನ್ನು ಅವರು ಎರಡು ಹತ್ತಲ ಇಪ್ಪತ್ತಕ್ಕೇ ಮುಗಿಸುತ್ತಾರೆ. 2 × 12 ಅವರ ಬಾಯಿಗೆ ಬರುವುದೇ ಇಲ್ಲ. ಇದು ಮಗುವಿನ ದಡ್ಡತನವಲ್ಲ, ನಾವು ಮಗ್ಗಿಗೆ ಹಾಕಿದ ಬೇಲಿ.

ಈಗ ಪ್ರತಿ ಗುಂಪಿಗೂ 24 ಬೀಜ ಕೊಟ್ಟು, ಒಂದೂ ಉಳಿಯದಂತೆ ಸಮನಾದ ಸಾಲುಗಳಲ್ಲಿ ಜೋಡಿಸಲು ಹೇಳಿ. 1 × 24, 2 × 12, 3 × 8, 4 × 6 ಎಂಬ ನಾಲ್ಕು ಆಯತಗಳು ಬರುತ್ತವೆ. ಆಯತದ ಎರಡೂ ಬದಿಗಳು ಅಪವರ್ತನಗಳು, ಒಟ್ಟು ಎಂಟು. ಐದರ ಸಾಲು ಮಾಡಹೋದರೆ ನಾಲ್ಕು ಬೀಜ ಮಿಕ್ಕುತ್ತವೆ. ಅದನ್ನೂ ಮಾಡಿ ನೋಡಲಿ, ತಡೆಯಬೇಡಿ.

ಅಪವರ್ತನ, ಅಪವರ್ತ್ಯ ಎಂಬ ಪದಗಳು ಮಕ್ಕಳನ್ನು ಗೊಂದಲಗೊಳಿಸುವುದು ಸಹಜ. ಕಿವಿಗೆ ಎರಡೂ ಒಂದೇ. ನಾಲ್ಕರ ಸಾಲುಗಳನ್ನು ಒಂದರ ಕೆಳಗೊಂದು ಇಡುತ್ತ ಹೋದರೆ 4, 8, 12, 16... ಇವು ನಾಲ್ಕರ ಅಪವರ್ತ್ಯಗಳು, ಅಂದರೆ ಮಗ್ಗಿಯೇ. ಅದಕ್ಕೆ ಕೊನೆಯಿಲ್ಲ. ಅಪವರ್ತನ ಕೇಳುವುದೆಂದರೆ ‘24 ಯಾವ ಯಾವ ಮಗ್ಗಿಯಲ್ಲಿ ಬರುತ್ತದೆ?’ ಎಂದು ಕೇಳಿದಂತೆ. ಅದಕ್ಕೆ ಕೊನೆಯಿದೆ.

13 ಬೀಜಗಳಿಗೆ ಒಂದೇ ಸಾಲು. ಇಂಥವು ಅವಿಭಾಜ್ಯ ಸಂಖ್ಯೆಗಳು. ಒಂದೇ ಬೀಜವಿದ್ದರೂ ಒಂದೇ ಸಾಲಲ್ಲವೇ ಎಂದು ಯಾರಾದರೂ ಕೇಳಿದರೆ ಸಂತೋಷಪಡಿ. 13ಕ್ಕೆ ಎರಡು ಅಪವರ್ತನಗಳಿವೆ. 1ಕ್ಕೆ ಇರುವುದು ಒಂದೇ. ಆದ್ದರಿಂದ 1 ಅವಿಭಾಜ್ಯವಲ್ಲ.

ಬಳಿಕ 36 ಬೀಜ ಕೊಡಿ. ಅಪವರ್ತನಗಳು ಜೋಡಿಯಾಗಿ ಬರುತ್ತವೆಂದು ನಂಬಿದ ಮಕ್ಕಳಿಗೆ ಇಲ್ಲಿ ಸಿಗುವುದು ಒಂಬತ್ತು. ಕಾರಣವನ್ನು ನೀವಾಗಿ ಹೇಳಬೇಡಿ. 6 × 6ರ ಜೋಡಣೆಯನ್ನು ಅಡ್ಡಕ್ಕೆ ತಿರುಗಿಸಿದರೂ ಅದು ಬದಲಾಗದೆಂಬುದನ್ನು ಯಾರಾದರೊಬ್ಬರು ಗಮನಿಸುವವರೆಗೆ ಕಾಯಿರಿ. 1ರಿಂದ 36ರವರೆಗೆ ಹೀಗೆ ಬೆಸ ಎಣಿಕೆಯ ಅಪವರ್ತನಗಳಿರುವ ಸಂಖ್ಯೆಗಳು ಆರೇ: 1, 4, 9, 16, 25, 36. ಒಂದು ಚೌಕದಿಂದ ಮುಂದಿನ ಚೌಕಕ್ಕೆ ಎಷ್ಟು ಬೀಜ ಹೆಚ್ಚು ಬೇಕೆಂದು ಬರೆಯಿಸಿ: 3, 5, 7, 9, 11.