ಒಂದೇ ಅಧಿಕಾರ, ಇಬ್ಬರು ಹಕ್ಕುದಾರರು: ಡಾಸ್ ಗಣಕದ ಮೆಮೊರಿ ಜಗಳ

ಅಟ್ಟ ಸೇರಿದ್ದ ಹಳೆಯ 386 ಅಥವಾ 486 ಗಣಕವನ್ನು ಕೆಳಗಿಳಿಸಿ, ಧೂಳು ಕೊಡವಿ, ಡಾಸ್ ಹಾಗೂ ವಿಂಡೋಸ್ 3.1 ಅಳವಡಿಸಿ ನೋಡುವ ಹವ್ಯಾಸಿಗಳು ಇಂದಿಗೂ ಇದ್ದಾರೆ. ಯಂತ್ರ ಚಾಲೂ ಆಗುತ್ತದೆ, ಡಾಸ್ ಆದೇಶಕ್ಕಾಗಿ ಕಾಯುತ್ತ ನಿಲ್ಲುತ್ತದೆ. 'ವಿನ್' ಎಂದು ಟೈಪ್ ಮಾಡಿ ಎಂಟರ್ ಒತ್ತಿದ ಕೂಡಲೇ ಪರದೆ ಕಪ್ಪಾಗಿ ಎಲ್ಲವೂ ಸ್ತಬ್ಧ. 1990ರ ದಶಕದ ಆರಂಭದಲ್ಲಿ ಕಚೇರಿಯಲ್ಲಿ ಗಣಕದ ಮುಂದೆ ಕುಳಿತವರಿಗೆ ಈ ದೃಶ್ಯ ಅಪರಿಚಿತವಲ್ಲ. ಎರಡು ಮೂರು ತಂತ್ರಾಂಶಗಳನ್ನು ಒಟ್ಟಿಗೆ ತೆರೆದು ಕೆಲಸ ಮಾಡುವಾಗ ಹೀಗಾದರೆ, ಉಳಿಸದೇ ಬಿಟ್ಟಿದ್ದ ಲೆಕ್ಕಪತ್ರವೆಲ್ಲ ಕ್ಷಣಮಾತ್ರದಲ್ಲಿ ಕೈತಪ್ಪುತ್ತಿತ್ತು.

ಬಹುತೇಕ ಸಂದರ್ಭಗಳಲ್ಲಿ ದೋಷ ಯಂತ್ರದ್ದಾಗಿರಲಿಲ್ಲ. ಮೆಮೊರಿಯನ್ನು ನಿರ್ವಹಿಸುವ ತಂತ್ರಾಂಶವೂ ಏಕಕಾಲಕ್ಕೆ ಹಲವು ಕೆಲಸ ನಡೆಸುವ ತಂತ್ರಾಂಶವೂ ಪ್ರೊಸೆಸರ್‌ನ ಮೇಲೆ ಒಂದೇ ಅಧಿಕಾರವನ್ನು ಬಯಸುತ್ತಿದ್ದವು. ಆ ಅಧಿಕಾರ ಇಬ್ಬರಿಗೆ ಸಲ್ಲುವಂಥದ್ದಲ್ಲ. ಬಳಕೆದಾರರು ಗೊಣಗುತ್ತ ಬರೆಯುತ್ತಿದ್ದ ಸಂರಚನೆಯ ಸಾಲುಗಳೆಲ್ಲ ಈ ಇಬ್ಬರ ನಡುವಿನ ರಾಜಿಪತ್ರದ ಕಲಮುಗಳೇ.

ಜಗಳದ ಮೂಲ 1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿದೆ. ಅದರಲ್ಲಿದ್ದ ಇಂಟೆಲ್ 8088 ಪ್ರೊಸೆಸರ್‌ಗೆ ಇದ್ದದ್ದು 20 ವಿಳಾಸ ತಂತಿಗಳು. ಅಂದರೆ ಅದು ಗುರುತಿಸಬಲ್ಲ ಒಟ್ಟು ಸ್ಥಳ 10,48,576 ಬೈಟ್, ಒಂದು ಮೆಗಾಬೈಟ್. ಇದರಲ್ಲಿ ಕೆಳಗಿನ 640 ಕಿಲೋಬೈಟ್ ಡಾಸ್ ಮತ್ತು ಅದರ ತಂತ್ರಾಂಶಗಳಿಗೆ. ಮೇಲಿನ 384 ಕಿಲೋಬೈಟ್ ವಿಡಿಯೊ ಕಾರ್ಡ್, ಇತರ ಕಾರ್ಡ್‌ಗಳು ಹಾಗೂ ಬಯೋಸ್‌ಗೆ ಮೀಸಲು. ಆರಂಭದಲ್ಲಿ ಇದು ಧಾರಾಳವೆನಿಸಿತ್ತು. ಕೆಲವೇ ವರ್ಷಗಳಲ್ಲಿ ಸ್ಪ್ರೆಡ್‌ಶೀಟ್‌ಗಳು ಆ ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿದವು.

ಮೊದಲ ಪರಿಹಾರ ಬಂದದ್ದು 1985ರಲ್ಲಿ. ಲೋಟಸ್, ಇಂಟೆಲ್, ಮೈಕ್ರೋಸಾಫ್ಟ್ ಕಂಪನಿಗಳು ಸೇರಿ 'ಎಕ್ಸ್‌ಪಾಂಡೆಡ್ ಮೆಮೊರಿ' ಎಂಬ ವಿಧಾನವನ್ನು ಗೊತ್ತುಪಡಿಸಿದವು. ಮೇಲಿನ 384 ಕಿಲೋಬೈಟ್‌ನಲ್ಲಿ 64 ಕಿಲೋಬೈಟ್‌ನ ಒಂದು ಕಿಂಡಿ ತೆರೆದು, ಹೊರಗಿನ ದೊಡ್ಡ ಮೆಮೊರಿಯನ್ನು 16 ಕಿಲೋಬೈಟ್‌ನ ತುಣುಕುಗಳಾಗಿ ಅದರ ಮೂಲಕ ತೋರಿಸುವ ಉಪಾಯವದು. ಕಿಂಡಿಯ ಹೆಸರು ಪೇಜ್ ಫ್ರೇಮ್. ಒಂದು ಮೆಗಾಬೈಟ್‌ನ ಗಡಿಯಾಚೆ ನೇರವಾಗಿ ಜೋಡಿಸುವ ಮೆಮೊರಿಗೆ 'ಎಕ್ಸ್‌ಟೆಂಡೆಡ್' ಎಂಬ ಬೇರೆ ಹೆಸರು. ಕಿವಿಗೆ ಒಂದೇ ಬಗೆಯಾಗಿ ಕೇಳುವ ಎರಡು ಹೆಸರುಗಳನ್ನು ಎರಡು ಬೇರೆ ವಸ್ತುಗಳಿಗೆ ಇಟ್ಟವರು ಬಳಕೆದಾರರ ಬಗ್ಗೆ ಕರುಣೆ ತೋರಲಿಲ್ಲ ಎಂದೇ ಹೇಳಬೇಕು.

386 ತಂದ ಬದಲಾವಣೆ

ಇಂಟೆಲ್ 1985ರಲ್ಲಿ ಪ್ರಕಟಿಸಿದ 80386 ಪ್ರೊಸೆಸರ್ ಆಟದ ನಿಯಮವನ್ನೇ ಬದಲಿಸಿತು. ಮೆಮೊರಿಯ ಯಾವುದೇ 4 ಕಿಲೋಬೈಟ್ ತುಣುಕನ್ನು ಯಾವುದೇ ವಿಳಾಸದಲ್ಲಿ ಇದ್ದಂತೆ ತೋರಿಸುವ ಶಕ್ತಿ ಅದಕ್ಕಿತ್ತು. ಜೊತೆಗೆ 'ವರ್ಚುವಲ್ 8086' ಎಂಬ ಸ್ಥಿತಿಯಲ್ಲಿ ಡಾಸ್‌ಗೆ ತಾನು ಹಳೆಯ 8086 ಯಂತ್ರದಲ್ಲೇ ಇದ್ದೇನೆಂಬ ಭ್ರಮೆ ಹುಟ್ಟಿಸಬಲ್ಲದಾಗಿತ್ತು. ಹೀಗೆ ಭ್ರಮೆ ಹುಟ್ಟಿಸಲು ಮೇಲೊಬ್ಬ ಮೇಲ್ವಿಚಾರಕ ಬೇಕು. ಕ್ವಾರ್ಟರ್‌ಡೆಕ್ ಕಂಪನಿಯ ಕ್ಯುಇಎಂಎಂ, ಕ್ವಾಲಿಟಾಸ್‌ನ 386ಮ್ಯಾಕ್ಸ್, ಮೈಕ್ರೋಸಾಫ್ಟ್‌ನ ಇಎಂಎಂ386 ಮುಂತಾದ ಮೆಮೊರಿ ಮ್ಯಾನೇಜರ್‌ಗಳು ವಹಿಸಿಕೊಂಡದ್ದು ಈ ಮೇಲ್ವಿಚಾರಕನ ಪಾತ್ರವನ್ನೇ. ಅವು ಮೇಲಿನ 384 ಕಿಲೋಬೈಟ್‌ನಲ್ಲಿ ಖಾಲಿ ಬಿದ್ದಿದ್ದ ಜಾಗಗಳಿಗೆ ಮೆಮೊರಿ ತುಂಬಿ, ಮೌಸ್, ನೆಟ್‌ವರ್ಕ್ ಮುಂತಾದ ಚಾಲಕ ತಂತ್ರಾಂಶಗಳನ್ನು ಅಲ್ಲಿಗೆ ಸಾಗಿಸಿ, ಕೆಳಗಿನ 640 ಕಿಲೋಬೈಟ್‌ನ್ನು ಬಿಡುವು ಮಾಡಿಕೊಡುತ್ತಿದ್ದವು.

ಅದೇ ಹೊತ್ತಿಗೆ ಬಹುಕಾರ್ಯ ತಂತ್ರಾಂಶಗಳೂ ಬಂದಿದ್ದವು. ಕ್ವಾರ್ಟರ್‌ಡೆಕ್‌ನ ಡೆಸ್ಕ್‌ವ್ಯೂ 1985ರಲ್ಲೇ ಮಾರುಕಟ್ಟೆಗೆ ಬಂದಿತ್ತು. ಡಾಸ್ ತಂತ್ರಾಂಶಗಳನ್ನು ಬೇರೆ ಬೇರೆ ಕಿಟಕಿಗಳಲ್ಲಿ ಏಕಕಾಲಕ್ಕೆ ನಡೆಸುವುದು ಅದರ ವೈಶಿಷ್ಟ್ಯ. ಮೈಕ್ರೋಸಾಫ್ಟ್‌ನ ವಿಂಡೋಸ್ 3.0 ಬಂದದ್ದು 1990ರ ಮೇ ತಿಂಗಳಲ್ಲಿ. ಅದರ 'ಎನ್‌ಹ್ಯಾನ್ಸ್‌ಡ್ ಮೋಡ್' ಪ್ರತಿಯೊಂದು ಡಾಸ್ ಕಿಟಕಿಗೂ ಒಂದೊಂದು ಪ್ರತ್ಯೇಕ 8086 ಯಂತ್ರವನ್ನು ಕಲ್ಪಿಸಿಕೊಡುತ್ತಿತ್ತು. ಅಂದರೆ ವಿಂಡೋಸ್ ಕೂಡ ಮೇಲ್ವಿಚಾರಕನೇ. ಗಣಕ ಚಾಲೂ ಆದಾಗಲೇ ಮೆಮೊರಿ ಮ್ಯಾನೇಜರ್ ಆ ಕುರ್ಚಿಯಲ್ಲಿ ಕುಳಿತುಬಿಟ್ಟಿದ್ದರೆ, ಆಮೇಲೆ ಬಂದ ವಿಂಡೋಸ್ ಎಲ್ಲಿ ಕೂರಬೇಕು?

ಕ್ವಾರ್ಟರ್‌ಡೆಕ್‌ಗೆ ಈ ತೊಡಕು ಕಡಿಮೆ. ಡೆಸ್ಕ್‌ವ್ಯೂ ಮತ್ತು ಕ್ಯುಇಎಂಎಂ ಎರಡೂ ಅದರವೇ. ಡೆಸ್ಕ್‌ವ್ಯೂ ತಾನು ಕುರ್ಚಿ ಕೇಳದೆ ಕ್ಯುಇಎಂಎಂನಿಂದ ಕೆಲಸ ಮಾಡಿಸಿಕೊಳ್ಳುತ್ತಿತ್ತು. 640 ಕಿಲೋಬೈಟ್‌ನ ಗೋಡೆಯನ್ನು ದಾಟಿ ಪ್ರೊಸೆಸರ್‌ನ ಪೂರ್ಣ ಶಕ್ತಿಯನ್ನು ಬಳಸುವ ದೊಡ್ಡ ತಂತ್ರಾಂಶಗಳಿಗಾಗಿ ಕ್ವಾರ್ಟರ್‌ಡೆಕ್ ಮತ್ತು ಫಾರ್ ಲ್ಯಾಪ್ ಕಂಪನಿಗಳು 'ವಿಸಿಪಿಐ' ಎಂಬ ಒಪ್ಪಂದವನ್ನು ರೂಪಿಸಿದವು. ಇದರ ಪ್ರಕಾರ ಮೆಮೊರಿ ಮ್ಯಾನೇಜರ್ ತನ್ನ ಅಧಿಕಾರವನ್ನು ಕೇಳಿದ ತಂತ್ರಾಂಶಕ್ಕೆ ಸ್ವಲ್ಪ ಹೊತ್ತು ಪೂರ್ತಿಯಾಗಿ ಬಿಟ್ಟುಕೊಡುತ್ತಿತ್ತು. ಸರಳವಾದ ಏರ್ಪಾಡು; ಆದರೆ ಅಧಿಕಾರ ಪಡೆದ ತಂತ್ರಾಂಶ ತಪ್ಪಿ ನಡೆದರೆ ಇಡೀ ಯಂತ್ರವೇ ಕುಸಿಯುವ ಅಪಾಯವಿತ್ತು. ಮೈಕ್ರೋಸಾಫ್ಟ್ ಇದನ್ನು ಒಪ್ಪಲಿಲ್ಲ. ಮೇಲ್ವಿಚಾರಕ ಕುರ್ಚಿ ಬಿಡದೆಯೇ ಸೇವೆ ಒದಗಿಸುವ 'ಡಿಪಿಎಂಐ' ಎಂಬ ಇನ್ನೊಂದು ವಿಧಾನ 1990ರಲ್ಲಿ ಬಂತು. ಪರಿಣಾಮವಾಗಿ, ವಿಸಿಪಿಐ ಒಂದನ್ನೇ ಬಲ್ಲ ತಂತ್ರಾಂಶಗಳು ಡೆಸ್ಕ್‌ವ್ಯೂನಲ್ಲಿ ಓಡುತ್ತಿದ್ದವು, ವಿಂಡೋಸ್ ಎನ್‌ಹ್ಯಾನ್ಸ್‌ಡ್ ಮೋಡ್‌ನ ಡಾಸ್ ಕಿಟಕಿಯಲ್ಲಿ ಓಡುತ್ತಿರಲಿಲ್ಲ. ತಾತ್ವಿಕವಾಗಿ ಮೈಕ್ರೋಸಾಫ್ಟ್‌ನ ವಾದವೇ ಸರಿಯಾಗಿತ್ತು. ಆದರೆ ಹಣ ಕೊಟ್ಟು ಕೊಂಡ ತಂತ್ರಾಂಶ ತೆರೆಯದೇ ಹೋದಾಗ ಗ್ರಾಹಕನಿಗೆ ತತ್ವದಿಂದ ಆಗಬೇಕಾದ್ದೇನೂ ಇರಲಿಲ್ಲ.

ಮೆಮೊರಿ ಮ್ಯಾನೇಜರ್‌ನ ವಿಷಯದಲ್ಲಿ ವಿಂಡೋಸ್ ಅನುಸರಿಸಿದ್ದು ಹಸ್ತಾಂತರದ ಮಾರ್ಗ. ಎನ್‌ಹ್ಯಾನ್ಸ್‌ಡ್ ಮೋಡ್ ಆರಂಭವಾಗುವಾಗ ಅದು ಮ್ಯಾನೇಜರ್‌ಗೆ ಕೆಳಗಿಳಿಯುವಂತೆ ಸೂಚಿಸಿ, ಯಾವ ವಿಳಾಸದಲ್ಲಿ ಯಾವ ಮೆಮೊರಿ ಇದೆ ಎಂಬ ನಕ್ಷೆಯನ್ನು ಅದರಿಂದ ಪಡೆದು ತಾನು ಕುರ್ಚಿಯೇರುತ್ತದೆ. ಮುಚ್ಚುವಾಗ ಅಧಿಕಾರವನ್ನು ಮರಳಿಸುತ್ತದೆ. ಇದು ಸುಗಮವಾಗಿ ನಡೆಯಲು ಕ್ಯುಇಎಂಎಂ ತನ್ನ ಕಡತಕೋಶದಲ್ಲಿ 'ವಿನ್‌ಹೈರ್ಯಾಮ್.ವಿಎಕ್ಸ್‌ಡಿ' ಎಂಬ ಪುಟ್ಟ ಕಡತವನ್ನು ಇಟ್ಟಿರುತ್ತದೆ. ಜಾಗ ಉಳಿಸಲೆಂದು ಆ ಕಡತವನ್ನು ಅಳಿಸಿದರೆ, ಇಲ್ಲವೇ ಬೇರೆಡೆಗೆ ಸರಿಸಿದರೆ ವಿಂಡೋಸ್ ಎನ್‌ಹ್ಯಾನ್ಸ್‌ಡ್ ಮೋಡ್‌ನಲ್ಲಿ ತೆರೆಯುವುದಿಲ್ಲ.

ಡೆಸ್ಕ್‌ವ್ಯೂ ಕಿಟಕಿಯೊಳಗೇ ವಿಂಡೋಸ್ ನಡೆಸಬಹುದೇ? 3.1 ಆವೃತ್ತಿಯನ್ನು ಸ್ಟ್ಯಾಂಡರ್ಡ್ ಮೋಡ್‌ನಲ್ಲಿ ನಡೆಸಬಹುದು. ಎನ್‌ಹ್ಯಾನ್ಸ್‌ಡ್ ಮೋಡ್ ಮಾತ್ರ ಸಾಧ್ಯವಿಲ್ಲ, ಅದಕ್ಕೆ ಕುರ್ಚಿಯೇ ಬೇಕು.

ಸಾಲುಗಳ ಕ್ರಮ

ಈ ಹಿನ್ನೆಲೆ ತಿಳಿದರೆ 'ಕಾನ್ಫಿಗ್.ಸಿಸ್' ಕಡತದ ಸಾಲುಗಳು ಅರ್ಥವಾಗುತ್ತವೆ. 1991ರ ಡಾಸ್ 5 ಮತ್ತು ನಂತರದ ಆವೃತ್ತಿಗಳಲ್ಲಿ ಮೊದಲು 'ಹೈಮೆಮ್.ಸಿಸ್', ಬಳಿಕ 'ಇಎಂಎಂ386.ಎಕ್ಸ್‌ಇ', ಜೊತೆಗೆ 'ಡಾಸ್=ಹೈ,ಯುಎಂಬಿ' ಎಂಬ ಸಾಲು. ಎಕ್ಸ್‌ಟೆಂಡೆಡ್ ಮೆಮೊರಿಯ ಬಾಗಿಲು ತೆರೆಯುವುದು ಹೈಮೆಮ್. ಅದು ತೆರೆಯುವ ಮೊದಲು ಇಎಂಎಂ386 ಏನನ್ನೂ ಮಾಡಲಾರದು. ಕ್ಯುಇಎಂಎಂ ಈ ಎರಡೂ ಕೆಲಸಗಳನ್ನು ತಾನೇ ಮಾಡುವುದರಿಂದ ಅದನ್ನು ಅಳವಡಿಸಿದಾಗ ಇಎಂಎಂ386ರ ಸಾಲನ್ನು ತೆಗೆಯಲೇಬೇಕು. ಹೈಮೆಮ್ ಸಾಲಿನ ಅಗತ್ಯವೂ ಉಳಿಯುವುದಿಲ್ಲ. 'ಇರಲಿ, ನಷ್ಟವೇನು' ಎಂದು ಇಬ್ಬರು ಮ್ಯಾನೇಜರ್‌ಗಳನ್ನು ಉಳಿಸಿಕೊಳ್ಳುವುದು ತೊಂದರೆಗೆ ಆಹ್ವಾನ.

ಗಣಕ ಸ್ತಬ್ಧವಾಗಲು ಅತಿ ಸಾಮಾನ್ಯ ಕಾರಣ ಇದಲ್ಲ, ಮೇಲಿನ 384 ಕಿಲೋಬೈಟ್‌ನ ಒತ್ತುವರಿ. ಮ್ಯಾನೇಜರ್ ಅಲ್ಲಿ ಖಾಲಿ ಜಾಗ ಹುಡುಕುವುದು ಗಣಕ ಚಾಲೂ ಆಗುವ ಹೊತ್ತಿನಲ್ಲಿ. ಕೆಲವು ನೆಟ್‌ವರ್ಕ್ ಕಾರ್ಡ್‌ಗಳ ಮೆಮೊರಿ ಆ ಕ್ಷಣದಲ್ಲಿ ಇನ್ನೂ ಎಚ್ಚರಗೊಂಡಿರುವುದಿಲ್ಲ. ಜಾಗ ಖಾಲಿಯಿದೆಯೆಂದು ಭಾವಿಸಿ ಮ್ಯಾನೇಜರ್ ಅಲ್ಲೊಂದು ಚಾಲಕವನ್ನು ಕೂರಿಸುತ್ತದೆ. ಆಮೇಲೆ ನೆಟ್‌ವರ್ಕ್ ಆರಂಭವಾದಾಗ ಕಾರ್ಡ್ ತನ್ನ ನಿವೇಶನ ಕೇಳಿಕೊಂಡು ಬರುತ್ತದೆ. ಮುಂದಿನದು ಊಹಿಸಿದಂತೆಯೇ.

ಪರಿಹಾರವೆಂದರೆ ಆ ಜಾಗವನ್ನು ಮುಟ್ಟದಂತೆ ಮ್ಯಾನೇಜರ್‌ಗೆ ಮೊದಲೇ ತಾಕೀತು ಮಾಡುವುದು. ಕಾರ್ಡ್‌ನ ಮೆಮೊರಿ ಡಿ000 ವಿಳಾಸದಿಂದ 16 ಕಿಲೋಬೈಟ್ ಹರಡಿದ್ದರೆ ಮ್ಯಾನೇಜರ್‌ನ ಸಾಲಿನ ಕೊನೆಯಲ್ಲಿ 'ಎಕ್ಸ್=ಡಿ000-ಡಿ3ಎಫ್‌ಎಫ್' ಎಂದು ಸೇರಿಸಬೇಕು. ಹಲವರು ಇಲ್ಲಿಗೇ ನಿಲ್ಲಿಸಿ ಸೋಲುತ್ತಾರೆ. ವಿಂಡೋಸ್ ಕೂಡ ಇದೇ ಪ್ರದೇಶದಲ್ಲಿ ಖಾಲಿ ಜಾಗವನ್ನು ತಾನೇ ಹುಡುಕುತ್ತದೆ. ಆದ್ದರಿಂದ ಅದರ 'ಸಿಸ್ಟಂ.ಐಎನ್ಐ' ಕಡತದ '386ಎನ್ಹ್' ವಿಭಾಗದಲ್ಲಿ 'ಇಎಂಎಂಎಕ್ಸ್‌ಕ್ಲೂಡ್=ಡಿ000-ಡಿ3ಎಫ್‌ಎಫ್' ಎಂಬ ಸಾಲನ್ನೂ ಬರೆಯಬೇಕು. ಎರಡು ಕಡತಗಳ ನಕ್ಷೆ ಒಂದೇ ಆಗಿರುವುದು ಮುಖ್ಯ.

ತಪ್ಪು ಇಲ್ಲೇ ಇದೆಯೇ ಎಂದು ಪರೀಕ್ಷಿಸಲು ಸುಲಭ ದಾರಿಯೂ ಉಂಟು. 'ವಿನ್ /ಡಿ:ಎಕ್ಸ್' ಎಂದು ಆದೇಶ ನೀಡಿದರೆ ವಿಂಡೋಸ್ ಮೇಲಿನ ಪ್ರದೇಶದಲ್ಲಿ ಜಾಗ ಹುಡುಕುವ ಗೋಜಿಗೇ ಹೋಗುವುದಿಲ್ಲ. ಹೀಗೆ ಮಾಡಿದಾಗ ತೆರೆದುಕೊಂಡರೆ ಒತ್ತುವರಿಯೇ ಕಾರಣವೆಂದು ತಿಳಿಯಬಹುದು. ಕ್ಯುಇಎಂಎಂನಂತಹ ಹೊರಗಿನ ಮ್ಯಾನೇಜರ್ ಬಯೋಸ್ ಇರುವ ವಿಳಾಸಗಳನ್ನೂ ಬಳಸಿಕೊಳ್ಳುವಾಗ ಇನ್ನೊಂದು ಸಾಲು ಅಗತ್ಯ: ಅದೇ ವಿಭಾಗದಲ್ಲಿ 'ಸಿಸ್ಟಂರೋಮ್‌ಬ್ರೇಕ್‌ಪಾಯಿಂಟ್=ಫಾಲ್ಸ್'. ಬಯೋಸ್ ತನ್ನ ಮೂಲ ಸ್ಥಳದಲ್ಲೇ ಇದೆಯೆಂದು ನಂಬಿ ವಿಂಡೋಸ್ ಅಲ್ಲೊಂದು ಗುರುತು ಇಟ್ಟುಕೊಳ್ಳುವುದನ್ನು ಇದು ತಡೆಯುತ್ತದೆ.

ಯಾರಿಗೆ ಎಷ್ಟು?

ಉಳಿದದ್ದು ಹಂಚಿಕೆಯ ಪ್ರಶ್ನೆ. ಪೇಜ್ ಫ್ರೇಮ್ 64 ಕಿಲೋಬೈಟ್ ಜಾಗ ತಿನ್ನುತ್ತದೆ. ವಿಂಡೋಸ್ ಮಾತ್ರ ಬಳಸುವವರು ಇಎಂಎಂ386ರ ಸಾಲಿನಲ್ಲಿ 'ನೋಇಎಂಎಸ್' ಎಂದು ಸೇರಿಸಿ ಅದನ್ನು ಉಳಿಸಿಕೊಳ್ಳಬಹುದು. ಆದರೆ ಎಕ್ಸ್‌ಪಾಂಡೆಡ್ ಮೆಮೊರಿ ಬೇಡುವ ಹಳೆಯ ಡಾಸ್ ತಂತ್ರಾಂಶಗಳು ಆಗ ಕೈಕೊಡುತ್ತವೆ. ಡೆಸ್ಕ್‌ವ್ಯೂ ಬಳಸುವವರಿಗಂತೂ ಈ ಉಳಿತಾಯ ಲಭ್ಯವಿಲ್ಲ. ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳಲು ಅದು ನೆಚ್ಚಿಕೊಂಡಿರುವುದು ಎಕ್ಸ್‌ಪಾಂಡೆಡ್ ಮೆಮೊರಿಯನ್ನೇ.

ಒಂದು ಮೆಗಾಬೈಟ್‌ನ ಗಡಿಗೆ ತಾಗಿಕೊಂಡಂತೆ 65,520 ಬೈಟ್‌ಗಳ ವಿಚಿತ್ರ ತುಂಡೊಂದಿದೆ. 286 ಮತ್ತು ನಂತರದ ಪ್ರೊಸೆಸರ್‌ಗಳಲ್ಲಿ ಡಾಸ್ ಇದನ್ನು ನೇರವಾಗಿ ತಲುಪಬಲ್ಲದು. ಹೆಸರು 'ಹೈ ಮೆಮೊರಿ ಏರಿಯಾ'. ನಿಯಮದ ಪ್ರಕಾರ ಇದಕ್ಕೆ ಒಬ್ಬನೇ ಬಾಡಿಗೆದಾರ. 'ಡಾಸ್=ಹೈ' ಎಂದು ಬರೆದರೆ ಡಾಸ್ ಅಲ್ಲಿಗೆ ವಾಸ ಬದಲಿಸುತ್ತದೆ. ಡೆಸ್ಕ್‌ವ್ಯೂ ಕೂಡ ತನ್ನ ಒಂದು ಭಾಗವನ್ನು ಅಲ್ಲೇ ಇಡಬಲ್ಲದು. ಇಬ್ಬರಲ್ಲಿ ಯಾರಿಗೆ ಕೊಟ್ಟರೆ ಕಿಟಕಿಗಳಿಗೆ ಹೆಚ್ಚು ಜಾಗ ಸಿಗುತ್ತದೆ ಎಂಬುದನ್ನು ಎರಡೂ ಬಗೆಯಲ್ಲಿ ಹಚ್ಚಿ, ಅಳತೆ ನೋಡಿಯೇ ನಿರ್ಧರಿಸಬೇಕು.

ಸದಾ ಮೆಮೊರಿಯಲ್ಲೇ ಠಿಕಾಣಿ ಹೂಡುವ ಸಣ್ಣ ತಂತ್ರಾಂಶಗಳ ಲೆಕ್ಕವನ್ನಂತೂ ಬಹಳ ಮಂದಿ ಮರೆಯುತ್ತಾರೆ. ಬಹುಕಾರ್ಯ ತಂತ್ರಾಂಶ ತೆರೆಯುವ ಮೊದಲೇ 20 ಕಿಲೋಬೈಟ್‌ನ ಒಂದು ಶಬ್ದಕೋಶವನ್ನು ಕೆಳಗಿನ 640ರಲ್ಲಿ ಕೂರಿಸಿದರೆ, ಆಮೇಲೆ ತೆರೆಯುವ ಪ್ರತಿ ಕಿಟಕಿಯಲ್ಲೂ 20 ಕಿಲೋಬೈಟ್ ಕಡಿಮೆಯಾಗುತ್ತದೆ. ಒಂದೇ ಕಿಟಕಿಗೆ ಬೇಕಾದದ್ದನ್ನು ಆ ಕಿಟಕಿಯೊಳಗೇ ತೆರೆಯುವುದು ಲೇಸು. ಎಲ್ಲರಿಗೂ ಬೇಕಾದ ನೆಟ್‌ವರ್ಕ್ ಚಾಲಕದಂಥವು ಮಾತ್ರ ಮೊದಲೇ ಇರಲಿ, ಸಾಧ್ಯವಾದರೆ ಮೇಲಿನ ಪ್ರದೇಶದಲ್ಲಿ. ಯಾವುದು ಎಲ್ಲಿ ಕುಳಿತಿದೆ ಎಂಬುದನ್ನು 'ಮೆಮ್ /ಸಿ' ಆದೇಶ ತೋರಿಸುತ್ತದೆ.

ಬದಲಾವಣೆಯನ್ನು ಒಮ್ಮೆಗೆ ಒಂದೇ ಸಾಲಿನಂತೆ ಮಾಡುವುದು ಕ್ಷೇಮ. 1993ರ ಡಾಸ್ 6ರಿಂದ ಎಫ್5 ಕೀಲಿ ಒತ್ತಿ ಸಂರಚನೆಯ ಸಾಲುಗಳನ್ನೆಲ್ಲ ಬಿಟ್ಟು ಮುಂದೆ ಹೋಗಬಹುದು. ಡಾಸ್ 5ರಲ್ಲಿ ಆ ಸೌಲಭ್ಯವಿಲ್ಲ. ಒಂದು ತಪ್ಪು ಸಾಲಿನಿಂದ ಗಣಕ ಚಾಲೂ ಆಗದೇ ನಿಂತರೆ ಫ್ಲಾಪಿಯೇ ಗತಿ. ಅದನ್ನು ಮೊದಲೇ ಸಿದ್ಧಪಡಿಸಿ, ಪರೀಕ್ಷಿಸಿ ಇಟ್ಟಿರಬೇಕು.

1995ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ 95 ಮೆಮೊರಿ ನಿರ್ವಹಣೆಯನ್ನು ಬಹುಮಟ್ಟಿಗೆ ತನ್ನೊಳಗೇ ಸೇರಿಸಿಕೊಂಡಿತು. ಪ್ರತ್ಯೇಕ ಮೆಮೊರಿ ಮ್ಯಾನೇಜರ್ ಕೊಳ್ಳುವವರು ಕಡಿಮೆಯಾದರು. ಕ್ವಾರ್ಟರ್‌ಡೆಕ್ 1998ರಲ್ಲಿ ಸಿಮ್ಯಾಂಟೆಕ್ ಕಂಪನಿಯ ಪಾಲಾಯಿತು. ಹಳೆಯ ಯಂತ್ರದಲ್ಲಿ ಫ್ರೀಡಾಸ್ ಹಾಕುವವರಿಗೆ ಈಗ ಜೆಮ್‌ಎಕ್ಸ್ ಎಂಬ ಉಚಿತ ಮ್ಯಾನೇಜರ್ ಸಿಗುತ್ತದೆ. ಹೈಮೆಮ್ ಮತ್ತು ಇಎಂಎಂ386 ಎರಡರ ಕೆಲಸವನ್ನೂ ಅದೊಂದೇ ಮಾಡುತ್ತದೆ. ಡಾಸ್‌ಬಾಕ್ಸ್‌ನಲ್ಲಿ ಇವೆಲ್ಲ ಒಳಗೇ ಅಡಕವಾಗಿರುವುದರಿಂದ ಪ್ರತ್ಯೇಕ ಮ್ಯಾನೇಜರ್ ಬೇಕಿಲ್ಲ. ಇಂದಿನ 64 ಬಿಟ್ ವಿಂಡೋಸ್‌ನಲ್ಲಿ ಡಾಸ್ ತಂತ್ರಾಂಶಗಳು ನೇರವಾಗಿ ತೆರೆಯದಿರುವುದಕ್ಕೂ ಇದೇ ಕಥೆಯ ನಂಟಿದೆ: ಪ್ರೊಸೆಸರ್ 64 ಬಿಟ್ ಸ್ಥಿತಿಯಲ್ಲಿ ಕೆಲಸ ಮಾಡುವಾಗ 386 ತಂದುಕೊಟ್ಟ ಆ ವರ್ಚುವಲ್ 8086 ಸ್ಥಿತಿ ಲಭ್ಯವಿರುವುದಿಲ್ಲ.