ವೆಬ್ ಸರ್ವರ್: ದುರಸ್ತಿಯ ಹಕ್ಕು ಯಾರದು?

ಬ್ರೌಸರ್‌ನಿಂದ ಬರುವ ಕೋರಿಕೆಯನ್ನು ದೂರದ ಕಂಪ್ಯೂಟರೊಂದರಲ್ಲಿ ಸ್ವೀಕರಿಸಿ, ಬೇಕಾದ ಪುಟವನ್ನು ಹುಡುಕಿ ಕಳುಹಿಸಿಕೊಡುವ ತಂತ್ರಾಂಶವನ್ನು ವೆಬ್ ಸರ್ವರ್ ಎನ್ನುತ್ತಾರೆ. ಇದರ ಮೂಲ ಸಂಕೇತವನ್ನು, ಅಂದರೆ ಪ್ರೋಗ್ರಾಮರ್‌ಗಳು ಬರೆದ ಸೋರ್ಸ್ ಕೋಡನ್ನು, ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದರೆ ಅದು ಮುಕ್ತ ತಂತ್ರಾಂಶ. ತಯಾರಿಸಿದ ಸಂಸ್ಥೆಯೇ ಸಂಕೇತವನ್ನು ಗುಟ್ಟಾಗಿಟ್ಟುಕೊಂಡು ಬಳಕೆಯ ಪರವಾನಗಿಯನ್ನಷ್ಟೇ ನೀಡಿದರೆ ಅದು ಸ್ವಾಮ್ಯದ ತಂತ್ರಾಂಶ. ಇವುಗಳ ಹೋಲಿಕೆ ಸಾಮಾನ್ಯವಾಗಿ ಬೆಲೆಯಿಂದ ಆರಂಭವಾಗುತ್ತದೆಯಾದರೂ ಮೈಕ್ರೋಸಾಫ್ಟ್‌ನ ಐಐಎಸ್ ಸರ್ವರ್‌ಗೂ ಪ್ರತ್ಯೇಕ ಬೆಲೆಯೇನಿಲ್ಲ. ವಿಂಡೋಸ್ ಸರ್ವರ್ ಕೊಂಡವರಿಗೆ ಅದು ಜೊತೆಗೇ ಬರುತ್ತದೆ. ತಂತ್ರಾಂಶ ಕೆಟ್ಟಾಗ ಅದನ್ನು ಸರಿಪಡಿಸುವ ಹಕ್ಕು ಯಾರದು ಎಂದು ಕೇಳಿದಾಗಲೇ ವ್ಯತ್ಯಾಸ ಸ್ಪಷ್ಟವಾಗುವುದು.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ರಾಬ್ ಮೆಕೂಲ್ ಬರೆದ ಸರ್ವರ್ ವೆಬ್‌ನ ಆರಂಭದ ವರ್ಷಗಳಲ್ಲಿ ವ್ಯಾಪಕ ಬಳಕೆಯಲ್ಲಿತ್ತು. 1994ರಲ್ಲಿ ಅವರು ಕೇಂದ್ರವನ್ನು ಬಿಟ್ಟ ಮೇಲೆ ಅದರ ಬೆಳವಣಿಗೆ ನಿಂತಂತಾಯಿತು. ಆದರೆ ಸಂಕೇತ ಎಲ್ಲರ ಕೈಯಲ್ಲಿದ್ದುದರಿಂದ, ತಮ್ಮ ತಮ್ಮ ಅಗತ್ಯಕ್ಕೆ ಅದನ್ನು ತಿದ್ದಿಕೊಂಡಿದ್ದ ಬ್ರಯಾನ್ ಬೆಹ್ಲೆನ್‌ಡಾರ್ಫ್ ಮೊದಲಾದವರು ಆ ತಿದ್ದುಪಡಿಗಳನ್ನೆಲ್ಲ ಒಟ್ಟುಗೂಡಿಸಿ 1995ರಲ್ಲಿ ಅಪಾಚೆ ಸರ್ವರನ್ನು ಹೊರತಂದರು. ಮರುವರ್ಷವೇ ಅದು ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯ ವೆಬ್ ಸರ್ವರ್ ಆಯಿತು. ಸಂಸ್ಥೆಯೇ ಕೈಬಿಟ್ಟ ಸ್ವಾಮ್ಯದ ತಂತ್ರಾಂಶಕ್ಕೆ ಇಂಥ ಮರುಹುಟ್ಟು ಇಲ್ಲ.

ಭದ್ರತೆಯ ವಿಷಯದಲ್ಲಿ ಮಾತ್ರ ಎರಡೂ ಪಕ್ಷಗಳವರ ಹೆಮ್ಮೆ ತುಸು ಅತಿಯಾದುದೇ. ಯಂತ್ರದಿಂದ ಯಂತ್ರಕ್ಕೆ ತಾನಾಗಿಯೇ ಹರಡುವ ಕೋಡ್ ರೆಡ್ ಎಂಬ ವರ್ಮ್ 2001ರ ಜುಲೈನಲ್ಲಿ ಐಐಎಸ್ ಇದ್ದ ಮೂರು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ನುಗ್ಗಿತು. ಅದನ್ನು ತಡೆಯುವ ಪ್ಯಾಚನ್ನು ಮೈಕ್ರೋಸಾಫ್ಟ್ ಹಿಂದಿನ ತಿಂಗಳೇ ಕೊಟ್ಟಿದ್ದರೂ ಬಹಳಷ್ಟು ನಿರ್ವಾಹಕರು ಅದನ್ನು ಅಳವಡಿಸಿಕೊಂಡಿರಲಿಲ್ಲ. ಇತ್ತ, ಮುಕ್ತ ಸರ್ವರ್‌ಗಳು ಮಾಹಿತಿಯನ್ನು ಗೂಢಲಿಪಿಯಲ್ಲಿ ಸಾಗಿಸಲು ಬಳಸುವ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ 2012ರಿಂದಲೇ ಎಲ್ಲರ ಕಣ್ಣೆದುರಿಗಿದ್ದರೂ 2014ರವರೆಗೆ ಬಯಲಿಗೆ ಬರಲಿಲ್ಲ. ಓದಲು ಅವಕಾಶವಿದ್ದ ಮಾತ್ರಕ್ಕೆ ಓದುವವರು ಇದ್ದೇ ಇರುತ್ತಾರೆಂದೇನೂ ಇಲ್ಲ.

ಎರಡು ಬಗೆಗಳ ನಡುವಣ ಗಡಿಯೂ ಈಗ ಮೊದಲಿನಷ್ಟು ಖಚಿತವಾಗಿಲ್ಲ. ಒಂದೇ ಯಂತ್ರ ಏಕಕಾಲಕ್ಕೆ ಹತ್ತು ಸಾವಿರ ಸಂಪರ್ಕಗಳನ್ನು ನಿಭಾಯಿಸಬೇಕೆಂಬ ಗುರಿಯಿಂದ ರಷ್ಯಾದ ಇಗೋರ್ ಸಿಸೊಯೆವ್ ಬರೆದು 2004ರಲ್ಲಿ ಬಿಡುಗಡೆ ಮಾಡಿದ ಎಂಜಿನ್‌ಎಕ್ಸ್ ಇಂದಿಗೂ ಮುಕ್ತವಾಗಿದ್ದರೆ, ಅದಕ್ಕೆ ಹೆಚ್ಚಿನ ಸೌಲಭ್ಯಗಳನ್ನು ಸೇರಿಸಿದ ಎಂಜಿನ್‌ಎಕ್ಸ್ ಪ್ಲಸ್ ಹಣ ಕೊಟ್ಟು ಪಡೆಯಬೇಕಾದದ್ದು. 2019ರಲ್ಲಿ ಎಫ್5 ಕಂಪನಿ ಎಂಜಿನ್‌ಎಕ್ಸ್ ಸಂಸ್ಥೆಯನ್ನು ಕೊಂಡಿತು. 2024ರಲ್ಲಿ ಭದ್ರತಾ ನೀತಿಯ ಬಗ್ಗೆ ಭಿನ್ನಾಭಿಪ್ರಾಯ ಬಂದು ದೂರ ಸರಿದ ಪ್ರಮುಖ ಅಭಿವೃದ್ಧಿಕಾರರೊಬ್ಬರು ಅದೇ ಸಂಕೇತದಿಂದ ಫ್ರೀಎಂಜಿನ್‌ಎಕ್ಸ್ ಎಂಬ ಬೇರೆ ಕವಲನ್ನು ಆರಂಭಿಸಿದರು. ಅದಕ್ಕೆ ಅವರು ಕಂಪನಿಯ ಅನುಮತಿ ಕೇಳಬೇಕಾಗಿರಲಿಲ್ಲ.