ಹಳೇ ಮಷೀನಿನಲ್ಲೇ ಹುಟ್ಟಿದ ಸಿಎನ್‌ಸಿ

ಮೈಸೂರಿನ ಹೆಬ್ಬಾಳ, ಮೇಟಗಳ್ಳಿ ಕಡೆಯ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಹರಿಹರದ ಲೇತ್ ಅಂದರೆ ಈಗಲೂ ಒಂದು ಮರ್ಯಾದೆ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಮಷೀನು ಅದು. (ಹೆಸರಿನಲ್ಲಿ ಮೈಸೂರು, ಇದ್ದದ್ದು ತುಂಗಭದ್ರೆಯ ದಡದಲ್ಲಿ, ಆಗ ಹರಿಹರವೂ ಮೈಸೂರು ಸಂಸ್ಥಾನವೇ ತಾನೆ.) ಕಾರ್ಖಾನೆ ಮುಚ್ಚಿತು, ಲೇತ್ ತಿರುಗುತ್ತಲೇ ಇದೆ. ಅಂಥದ್ದೊಂದರ ಹ್ಯಾಂಡಲ್ ಬಿಚ್ಚಿ, ಮೋಟಾರು ಕೂರಿಸಿ, ಕಂಪ್ಯೂಟರ್‌ಗೆ ಜೋಡಿಸಿದವರು ‘ರೆಟ್ರೋಫಿಟ್ ಮಾಡಿಸಿದ್ದೀವಿ’ ಅನ್ನುವಾಗ ದನಿ ಕೊಂಚ ತಗ್ಗುತ್ತದೆ. ಹೊಸದು ಕೊಳ್ಳಲು ದುಡ್ಡಿಲ್ಲದವರ ಉಪಾಯ ಎಂಬ ಸಂಕೋಚ. ಆ ಸಂಕೋಚ ಬೇಕಿಲ್ಲ. ಹೀಗೆ ಕಂಪ್ಯೂಟರಿನ ಅಂಕಿ ಕೇಳಿ ನಡೆಯುವ ಮಷೀನೇ ಸಿಎನ್‌ಸಿ, ಅದರ ಪೂರ್ವಜನಾದ ಮೊಟ್ಟಮೊದಲ ಮಷೀನೂ ರೆಟ್ರೋಫಿಟ್ಟೇ.

ಅಮೆರಿಕದ ಮಿಷಿಗನ್ ರಾಜ್ಯದ ಟ್ರಾವರ್ಸ್ ಸಿಟಿಯಲ್ಲಿ ಜಾನ್ ಪಾರ್ಸನ್ಸ್ ಹೆಲಿಕಾಪ್ಟರ್ ರೆಕ್ಕೆ ತಯಾರಿಸುತ್ತಿದ್ದ. ರೆಕ್ಕೆಯ ಬಾಗು ಸರಿಬರಬೇಕಾದರೆ ಅಚ್ಚಿನ ತಗಡು ಸರಿಯಿರಬೇಕು. ಕೆಲವೇ ಬಿಂದು ಗುರುತಿಸಿ, ಕಣ್ಣಂದಾಜಿನಲ್ಲಿ ಗೆರೆ ಎಳೆದು ಅದನ್ನು ಕತ್ತರಿಸುವುದು ರೂಢಿ. ಅವನ ಎಂಜಿನಿಯರ್ ಫ್ರಾಂಕ್ ಸ್ಟುಲೆನ್, ಲೆಕ್ಕಪತ್ರಕ್ಕೆಂದು ಇದ್ದ ಐಬಿಎಂ ಪಂಚ್‌ಕಾರ್ಡ್ ಯಂತ್ರದಿಂದ ಆ ಬಾಗಿನ 200 ಬಿಂದುಗಳನ್ನು ಲೆಕ್ಕ ಹಾಕಿಸಿದ. ಮಿಲ್ಲಿಂಗ್ ಮಷೀನಿನ ಬಳಿ ಒಬ್ಬ ಅಂಕಿ ಓದುವುದು, ಒಬ್ಬ ಉದ್ದದ ಹ್ಯಾಂಡಲ್ ತಿರುಗಿಸುವುದು, ಇನ್ನೊಬ್ಬ ಅಡ್ಡದ್ದು. ಮಗ್ಗಿ ಒಪ್ಪಿಸಿದ ಹಾಗೆ ಕೆಲಸ ಸಾಗಿತು. ಹಾಗಾದರೆ ಕಾರ್ಡೇ ಹ್ಯಾಂಡಲ್ ತಿರುಗಿಸಬಾರದೇಕೆ ಎಂದು ಪಾರ್ಸನ್ಸ್‌ಗೆ ಹೊಳೆದದ್ದು ಇಲ್ಲಿಂದ.

1949ರಲ್ಲಿ ಅಮೆರಿಕದ ವಾಯುಸೇನೆ ಹಣ ಕೊಟ್ಟಿತು. ಕೆಲಸ ಅಲ್ಲಿನ ಎಂಐಟಿ ವಿಶ್ವವಿದ್ಯಾಲಯದ ಸರ್ವೋ ಪ್ರಯೋಗಾಲಯಕ್ಕೆ ಹೋಯಿತು. ಅಲ್ಲಿಯವರು ಬಿಂದುವಿನಿಂದ ಬಿಂದುವಿಗೆ ನೆಗೆಯುವ ಯೋಜನೆ ಬಿಟ್ಟು, ನಡುವಿನ ದಾರಿಯನ್ನೂ ಟೂಲ್ ಲೆಕ್ಕದ ಪ್ರಕಾರವೇ ಸವೆಸಬೇಕು, ಎಲ್ಲಿದ್ದೇನೆಂದು ಮರಳಿ ವರದಿಯನ್ನೂ ಒಪ್ಪಿಸಬೇಕು ಎಂದು ಪಟ್ಟು ಹಿಡಿದರು. ಪಾರ್ಸನ್ಸ್‌ಗೂ ಅವರಿಗೂ ಸರಿಬರದೆ ಅವನು ಹೊರಗುಳಿದ. ಎಂಐಟಿಯವರು ಬಳಸಿದ್ದು ಸಿನ್ಸಿನಾಟಿ ಕಂಪನಿಯ ಹೈಡ್ರೋ-ಟೆಲ್ ಎಂಬ ಹಳೆಯ ಮಿಲ್ಲಿಂಗ್ ಮಷೀನು. 1952ರಲ್ಲಿ ಕಾಗದದ ಪಟ್ಟಿಯ ತೂತುಗಳನ್ನು ಓದುತ್ತ ಅದು ಲೋಹ ಕೊರೆಯಿತು. ನಿಯಂತ್ರಣದ ಕಪಾಟುಗಳು ಮಷೀನಿಗಿಂತ ದೊಡ್ಡವಿದ್ದವು. ಪಾರ್ಸನ್ಸ್‌ಗೆ ಪೇಟೆಂಟ್ ಸಿಕ್ಕಿದ್ದು 1958ರಲ್ಲಿ.

ಈಗ ಆ ಕಪಾಟುಗಳ ಜಾಗದಲ್ಲಿ ಊಟದ ಡಬ್ಬಿಯಷ್ಟು ಕಂಟ್ರೋಲರ್. ಆದರೂ ಹಳೇ ಲೇತ್ ಸುಲಭಕ್ಕೆ ಬಗ್ಗುವುದಿಲ್ಲ. ಸ್ಕ್ರೂ, ನಟ್ ಸವೆದಿರುತ್ತವೆ. ತಿರುಗಿಸುವ ದಿಕ್ಕು ಬದಲಾದಾಗ ಹ್ಯಾಂಡಲ್ ಒಂದಿಷ್ಟು ಖಾಲಿ ಓಡುತ್ತದೆ. ಅದಕ್ಕೆ ‘ಪ್ಲೇ’ ಅನ್ನುತ್ತಾರೆ. ಅನುಭವಿ ಟರ್ನರ್ ಟೂಲನ್ನು ಹಿಂದಕ್ಕೆಳೆದು, ಮತ್ತೆ ಅದೇ ಕಡೆಯಿಂದ ತಂದು ನಿಲ್ಲಿಸುತ್ತಾನೆ. ಕೇಳಿದರೆ ವಿವರಿಸಲಾರ, ಕೈಗೆ ಗೊತ್ತು. ಮೋಟಾರಿಗೆ ಗೊತ್ತಿಲ್ಲ. ಪ್ಲೇ ಎಷ್ಟೆಂದು ಕಂಟ್ರೋಲರ್‌ಗೆ ತುಂಬಬಹುದು, ಆದರೆ ಸ್ಕ್ರೂ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಲೋಹದ ತುಂಡನ್ನು ಹಿಡಿಯುವ ಚಕ್ ಬಳಿ ಹೆಚ್ಚು ಕೆಲಸ, ಅಲ್ಲಿ ಸವೆತ ಜಾಸ್ತಿ, ಆಚೆ ತುದಿಯಲ್ಲಿ ಕಮ್ಮಿ. ಹಾಗಾಗಿ ಹಳೇ ಸ್ಕ್ರೂ ತೆಗೆದು, ಗುಂಡುಗಳ ಮೇಲೆ ಉರುಳುವ ಬಾಲ್ ಸ್ಕ್ರೂ ಹಾಕಬೇಕು. ಟೂಲಿನ ಗಾಡಿ ಸರಿಯುವ ಬೆಡ್‌ಗೆ ನೀಲಿ ಬಣ್ಣ ಹಚ್ಚಿ, ಉಬ್ಬು ನೋಡಿ ಕೈಯಿಂದ ಹೆರೆಯಬೇಕು. ನನ್ನ ಮಟ್ಟಿಗೆ ರೆಟ್ರೋಫಿಟ್ ಎಂದರೆ ಮುಖ್ಯವಾಗಿ ಈ ಹೆರೆಯುವ ಕೆಲಸವೇ, ವೈರಿಂಗ್ ಆಮೇಲಿನ ಮಾತು.

ಎಲ್ಲ ಮುಗಿದ ಮೇಲೆ ಪ್ಯಾನೆಲ್ ಮೇಲೊಂದು ಪುಟ್ಟ ಚಕ್ರ ಉಳಿಯುತ್ತದೆ. ಅದಕ್ಕೂ ಸ್ಕ್ರೂಗೂ ನಂಟಿಲ್ಲ, ತಿರುಗಿಸಿದರೆ ಟಿಕ್ ಟಿಕ್ ಎಂದು ವಿದ್ಯುತ್ ಸಂಕೇತ ಹೋಗುತ್ತದೆ, ಅಷ್ಟೆ. ಹೊಸ ಜಾಬ್ ಕಟ್ಟಿದಾಗ ಟೂಲನ್ನು ಲೋಹಕ್ಕೆ ತಾಕಿಸಿ ಸೊನ್ನೆ ಹಿಡಿಯಲು ಟರ್ನರ್ ಆ ಚಕ್ರಕ್ಕೇ ಕೈ ಹಾಕುತ್ತಾನೆ.